ಹಟ್ಟಿಯ ಕಂಪ್ಯೂಟರ್ ಮತ್ತು ನನ್ನ ಕೈಗುಣ

೬ ಜನವರಿ ೨೦೨೫, ಸೋಮವಾರ

ಇವತ್ತು ಕಂಪ್ಯೂಟರಿನ ಹೊಟ್ಟೆಯಿಂದ ಜಿರಳೆ ಗುಡಿಸಿದೆ. ಕೊರಟಗೆರೆಯ ಬೇಕರಿಯವನದು. ಪಕ್ಕದ ತಗಡು ಬಿಚ್ಚಿದ ಕೂಡಲೇ ಒಂದು ಸಂಸಾರವೇ ನನ್ನ ಮೇಜಿನ ತುಂಬ ಓಡಿತು. ಪವರ್ ಸಪ್ಲೈ ಡಬ್ಬದೊಳಗೆ ಮೊಟ್ಟೆ, ಬನ್ನಿನ ಪುಡಿ, ಎಂಥದೋ ಅಂಟು. ಅವನು ಪಕ್ಕದಲ್ಲೇ ನಿಂತು, "ಒಳಗೆ ಬೆಚ್ಚಗಿರ್ತದಲ್ಲ ಸಾರ್, ಅದುಕ್ಕೆ ಬತ್ತವೆ" ಅಂದ, ಮನೆಗೆ ಬಂದ ನೆಂಟರ ಬಗ್ಗೆ ಹೇಳುವ ಹಾಗೆ. ಅವನ ಬೇಕರಿಯ ಪಫ್ ಇನ್ನು ಈ ಜನ್ಮದಲ್ಲಿ ತಿನ್ನುವುದಿಲ್ಲ.

ಜಿರಳೆಯಾದರೂ ವಾಸಿ, ಪ್ರಶ್ನೆ ಕೇಳುವುದಿಲ್ಲ. ಮಧುಗಿರಿಯ ಬಸ್ ಸ್ಟ್ಯಾಂಡ್ ಎದುರಿಗೆ ಈ ರಿಪೇರಿ ಅಂಗಡಿ ಹಾಕಿದ ದಿನದಿಂದ ಅವೇ ಪ್ರಶ್ನೆಗಳು. ರ‍್ಯಾಮ್ ಜಾಸ್ತಿ ಹಾಕಿಸಿದರೆ ನೆಟ್ ಫಾಸ್ಟ್ ಆಗುತ್ತಾ? ಹಳೇ ಡಿಸ್ಕು ತೆಗೆದು ಎಸ್ಸೆಸ್ಡಿ ಹಾಕಿಸಿದರೆ ಫೋಟೋ ಎಲ್ಲ ಹೋಗುತ್ತಾ? ಹೊರಗಿನದೆಲ್ಲ ಹಳೇದೇ ಇರಲಿ, ಒಳಗಿನದು ಮಾತ್ರ ಹೊಸದಾಗಲಿ, ಆಗಲ್ವಾ? ಆಗುತ್ತಪ್ಪ, ನಿನ್ನ ತಲೆಗೂ ಹಾಗೆ ಮಾಡಿಸೋಣ ಅಂದೆ ಒಬ್ಬನಿಗೆ. ಎದ್ದು ಹೋದ.

ಗಿರಾಕಿಗಳ ಮೇಲೆ ಕೂಗುವುದು ಬಿಟ್ಟು, ಬಂದ ಸಿಟ್ಟನ್ನು ಬರೆದಿಡಿ ಅಂತ ಯಶಸ್ವಿನಿ ಹಳೇ ಡೈರಿ ಕೊಟ್ಟಿದ್ದಾಳೆ. ಹೆಂಡತಿ ಮಾತು ಕೇಳಿ ಬರೆಯುತ್ತಿದ್ದೇನೆ. ಸಿಟ್ಟೇನೂ ಇಳಿದಿಲ್ಲ, ಬೆರಳಿಗೆ ಇನ್ನೂ ಜಿರಳೆ ವಾಸನೆ ಇದೆ.

೭ ಜನವರಿ, ಮಂಗಳವಾರ

ಮಂಗಳವಾರ ಪಾವಗಡದ ಕಡೆ ಹೋಗುವ ದಿನ. ಅಲ್ಲೊಂದು ಶಾಲೆಯ ಕಂಪ್ಯೂಟರುಗಳನ್ನು ನಾನೇ ನೋಡಿಕೊಳ್ಳುವುದು. ಅದು ಮುಗಿಸಿ ನಿಡುಗಲ್ ಬೆಟ್ಟದ ಕೆಳಗಿನ ಒಂದು ಹಟ್ಟಿಗೆ ಹೋದೆ. ಶಾಂತಕುಮಾರಿ ಅಂತ ಒಬ್ಬ ಹುಡುಗಿ, ಮಧುಗಿರಿಯಲ್ಲೇ ಓದಿದವಳು, ಮದುವೆಯಾಗಿ ಆ ಹಟ್ಟಿಗೆ ಹೋಗಿದ್ದಾಳೆ. ತುಮಕೂರಿನ ಒಂದು ಪ್ರೆಸ್ಸಿಗೆ ಮನೆಯಲ್ಲೇ ಪುಸ್ತಕ ಟೈಪ್ ಮಾಡಿ ಕಳಿಸುವ ಕೆಲಸ ಹಿಡಿದಿದ್ದಾಳೆ. ಕಂಪ್ಯೂಟರ್ ನಿಧಾನ, ರ‍್ಯಾಮ್ ಹೆಚ್ಚಿಸಿಕೊಡಿ ಅಂತ ಕರೆದಿದ್ದಳು.

ಕಂಪ್ಯೂಟರ್ ಇಟ್ಟಿರುವ ಜಾಗ ನೋಡಿ ಮೂಗು ಮುಚ್ಚಿಕೊಂಡೆ. ಗೋಡೆಯ ಆಚೆ ಕುರಿ ರೊಪ್ಪ. ಫ್ಯಾನಿಗೆ ಉಣ್ಣೆ ಸುತ್ತಿಕೊಂಡು ಗಂಟಾಗಿದೆ, ಒಳಗೆಲ್ಲ ಹಿಕ್ಕೆಯ ಪುಡಿ, ಮೂತ್ರದ ಘಾಟು. ಇದರ ಮೇಲೆ ಇನ್ನೊಂದು ಚೆಂದ: ಮೇಜಿಗೆ ಕರಿ ಕಂಬಳಿ ಮಡಿಸಿ ಹಾಸಿ, ಅದರ ಮೇಲೆ ಸಿಪಿಯು ಕೂರಿಸಿದ್ದಾರೆ, ದೇವರನ್ನು ಗದ್ದುಗೆ ಮೇಲೆ ಕೂರಿಸಿದ ಹಾಗೆ. ಅರಿಶಿನ, ಕುಂಕುಮ, ಹೂವು. ಅದು ಅತ್ತೆ ಕ್ಯಾತಮ್ಮನ ಏರ್ಪಾಡು. ತನ್ನ ಕುರಿ ಮಾರಿ ಸೊಸೆಗೆ ಈ ಯಂತ್ರ ತರಿಸಿದ್ದು ಅವಳೇ ಅಂತೆ.

ಚೆನ್ನಾಗಿ ಬೈದೆ. ಕಂಬಳಿ ಹಾಸಿದರೆ ಗಾಳಿ ಆಡೋದಿಲ್ಲ, ಮೊದಲು ತೆಗೀರಿ ಅಂದೆ. ಧೂಳೇ ಕಂಪ್ಯೂಟರಿನ ಯಮ, ಹಿಂಗಿಟ್ಟುಕೊಂಡರೆ ಇನ್ನೊಂದು ಸಲ ನನ್ನ ಕರೀಬೇಡಿ ಅಂದೆ. ತಗಡು ಹೇಗೆ ಬಿಚ್ಚುವುದು, ರ‍್ಯಾಮ್ ಕಡ್ಡಿ ಎಲ್ಲಿರುತ್ತೆ, ಧೂಳು ಎಲ್ಲಿ ಕೂರುತ್ತೆ, ಎಲ್ಲ ಬೆರಳಿಟ್ಟು ತೋರಿಸಿದೆ. ಮುದುಕಿ ಮಠದ ಸ್ವಾಮಿಗಳ ಮಾತು ಕೇಳುವ ಹಾಗೆ ಕೇಳಿಸಿಕೊಂಡಳು.

"ಯಾತರಾಗೆ ಒರೆಸ್ಬೇಕಪ್ಪ?" ಅಂದಳು.

"ಒಣಗಿದ್ದು ಏನಾದ್ರೂ ಆಗಲಿ ಕಣಮ್ಮ. ನೀರು ಮಾತ್ರ ಮುಟ್ಟಿಸಬೇಡ" ಅಂದೆ. ಹೊಸ ರ‍್ಯಾಮ್ ಹಾಕಿ ಬಂದೆ. ಅಂಗಿಯನ್ನು ಒಗೆಯಲು ಹಾಕಿದ್ದೇನೆ, ಪ್ಯಾಂಟನ್ನೂ.

೧೪ ಜನವರಿ, ಮಂಗಳವಾರ

ಹಬ್ಬ. ಅಂಗಡಿ ಇಲ್ಲ. ಎಳ್ಳು ಬೀರಲು ಬಂದವರೊಬ್ಬರು ಕೈಯಲ್ಲಿ ಎಳ್ಳಿನ ಪೊಟ್ಟಣ ಹಿಡಿದುಕೊಂಡೇ, "ಲ್ಯಾಪ್‌ಟಾಪ್ ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ರೆ ಕೆಡ್ತದಾ?" ಅಂತ ಕೇಳಿದರು. ಎಳ್ಳು ತಿಂದು ಒಳ್ಳೆಯ ಮಾತಾಡಬೇಕಂತೆ. ಬಾಯ್ತುಂಬ ಎಳ್ಳು ಹಾಕಿಕೊಂಡು ಸುಮ್ಮನಿದ್ದೆ.

೨೧ ಜನವರಿ, ಮಂಗಳವಾರ

ಹಟ್ಟಿಯದು ಮತ್ತೆ ಕೆಟ್ಟಿತು. ಆನ್ ಮಾಡಿದರೆ ಕೂಗುತ್ತೆ, ಪರದೆ ಮೇಲೆ ಏನೂ ಬರೋದಿಲ್ಲ. ನೋಡಿದರೆ ಹೊಸ ರ‍್ಯಾಮ್ ಸತ್ತಿದೆ. ಎರಡು ವಾರದ ಹಿಂದೆ ಹಾಕಿದ ಮಾಲು, ಪ್ಯಾಕೆಟ್ ಒಡೆದು ಕಣ್ಣೆದುರಿಗೇ ಹಾಕಿದ್ದೆ. ಹಾಗೆಲ್ಲ ಸಾಯುವ ವಸ್ತುವಲ್ಲ ಅದು. ತಗಡಿನ ಸ್ಕ್ರೂಗಳು ಸಡಿಲ. ಯಾರೋ ಬಿಚ್ಚಿದ್ದಾರೆ.

ಶಾಂತಕುಮಾರಿ, "ನಾನು ಒಳಗೆ ಕೈಯೇ ಹಾಕಿಲ್ಲ ಅಣ್ಣ" ಅಂದಳು. ಎಲ್ಲರೂ ಹೇಳುವುದು ಇದನ್ನೇ. ಕೀಬೋರ್ಡಿಗೆ ಸಾರು ಚೆಲ್ಲಿಕೊಂಡವನೂ ಇದನ್ನೇ ಹೇಳುತ್ತಾನೆ, ಸಾಸಿವೆ ಕಾಳು ಒಳಗೆ ಬಿದ್ದಿರುತ್ತೆ. ಸುಳ್ಳು ಹೇಳುವವರನ್ನು ಕಂಡರೆ ನನಗೆ ಜಿರಳೆ ಕಂಡ ಹಾಗೆ ಆಗುತ್ತೆ.

ಬೇರೆ ರ‍್ಯಾಮ್ ಹಾಕಿ ಅಂಗಳಕ್ಕೆ ಬಂದೆ. ಅವಳ ಗಂಡ ರಾಮಾಂಜನೇಯ, ಅಕ್ಕಪಕ್ಕದವರು ನಾಲ್ಕಾರು ಮಂದಿ ಕೂತಿದ್ದರು. ಮುದುಕಿ ಕುರಿ ಮೇಯಿಸಲು ಹೋಗಿದ್ದಳು. ಎಲ್ಲರಿಗೂ ಕೇಳಲಿ ಅಂತಲೇ ಹೇಳಿದೆ. "ಮಾಲು ಸರಿಯಾಗೇ ಇದೆ. ಯಾರದೋ ಕೈ ಬಿದ್ದು ಹಾಳಾಗಿರೋದು. ಯಾರ ಕೈ ಅಂತ ನೀವೇ ನೋಡ್ಕೊಳ್ಳಿ." ನೇರವಾಗಿ ಹೇಳಿದ್ದಕ್ಕೆ ಸಮಾಧಾನವಾಯಿತು. ದಾರಿಯಲ್ಲಿ ಕಾಫಿ ಕುಡಿದೆ, ಲೋಟ ತೊಳೆದಿರಲಿಲ್ಲ.

೩೦ ಜನವರಿ, ಗುರುವಾರ

ಸಿರಾದಿಂದ ಒಬ್ಬರು ಸಾಹೇಬರು ಬಂದಿದ್ದರು. ಫ್ಯಾನ್ ಶಬ್ದ ಮಾಡುತ್ತಿತ್ತಂತೆ, ಕೊಬ್ಬರಿ ಎಣ್ಣೆ ಬಿಟ್ಟಿದ್ದಾರೆ. ಒಂದು ಹನಿ ಅಲ್ಲ, ತಲೆಗೆ ಹಚ್ಚುವಷ್ಟು. ಬೋರ್ಡಿನ ಮೇಲೆಲ್ಲ ಹರಿದು, ಧೂಳು ಹಿಡಿದು, ಹೋಳಿಗೆ ಹೂರಣದ ಹಾಗಾಗಿತ್ತು. "ಖರಾಬ್ ಆಗೈತಾ ಭಾಯ್, ಏನ್ ನಡೀತದೆ?" ಅಂದರು. ಖರಾಬ್ ಅನ್ನುವುದು ಚಿಕ್ಕ ಮಾತು. ಸ್ಪಿರಿಟ್ ಹಾಕಿ ತಿಕ್ಕಿ ತಿಕ್ಕಿ ತೋಳು ಬಿದ್ದುಹೋಯಿತು.

ಅವರ ಊರಿನಲ್ಲಿ ಎಲ್ಲ ಯಂತ್ರಕ್ಕೂ ಎಣ್ಣೆಯೇ ಮದ್ದಂತೆ. ಈ ಜನಕ್ಕೆ ಕಂಪ್ಯೂಟರ್ ಮಾರಿದವರನ್ನು ಹಿಡಿದು ಜೈಲಿಗೆ ಹಾಕಬೇಕು.

೪ ಫೆಬ್ರವರಿ, ಮಂಗಳವಾರ

ಇವತ್ತು ಶಾಲೆಗೆ ರಜ, ಪಾವಗಡಕ್ಕೆ ಹೋಗಲಿಲ್ಲ. ಮಧ್ಯಾಹ್ನ ಶಾಂತಕುಮಾರಿ ಫೋನ್ ಮಾಡಿದಳು. ಮೂರನೇ ಸಲ ಕೆಟ್ಟಿದೆ. ನಾನು ಬಾಯಿ ತೆಗೆಯುವ ಮುಂಚೆಯೇ ಅವಳು, "ಈ ಸಲ ನಾನು ಮುಟ್ಟೇ ಇಲ್ಲ ಅಣ್ಣ. ನನಗೆ ಮುಟ್ಟೋಕೇ ಬಿಡ್ತಿಲ್ಲ. ಅತ್ತೆ ಆನ್ ಮಾಡಿ ಕೊಟ್ರೆ ಟೈಪ್ ಮಾಡೋದು, ಮುಗಿದ ಮೇಲೆ ಎದ್ದು ಬರೋದು" ಅಂದಳು. "ನನ್ನ ಕೈಗುಣ ಸರಿ ಇಲ್ಲ ಅಂತವ್ರೆ" ಅಂದಳು. ಇನ್ನೊಂದು ಸಲ ತಡವಾದರೆ ಕೆಲಸ ಬೇರೆಯವರಿಗೆ ಕೊಡುತ್ತೇನೆ ಅಂತ ಪ್ರೆಸ್ಸಿನವರೂ ಹೇಳಿದ್ದಾರಂತೆ.

ಅದಕ್ಕೆ ನಾನೇನು ಮಾಡಲಿ. ಅದೇ ಲಾಟಿನಲ್ಲಿ ಬಂದ ರ‍್ಯಾಮುಗಳನ್ನೆಲ್ಲ ಅಂಗಡಿಯಲ್ಲಿ ಹಾಕಿ ನೋಡಿದೆ. ಎಲ್ಲ ಕಲ್ಲುಗುಂಡಿನ ಹಾಗಿವೆ. ಅಲ್ಲಿಗೆ ತಪ್ಪು ಅವರದೇ.

ಊಟಕ್ಕೆ ಕೂತಾಗ ಯಶಸ್ವಿನಿಗೆ ಹೇಳಿದೆ. ಅವಳು ಬಡಿಸುವುದು ನಿಲ್ಲಿಸಿ, "ನೀವು ಅಲ್ಲಿ ಏನಂದ್ರಿ, ಸರಿಯಾಗಿ ಹೇಳಿ" ಅಂದಳು. ಅಂಗಳದಲ್ಲಿ ಯಾರದೋ ಕೈ ಬಿದ್ದಿದೆ, ಯಾರದು ಅಂತ ನೀವೇ ನೋಡ್ಕೊಳ್ಳಿ ಅಂದಿದ್ದನ್ನು ಹೇಳಿದೆ.

"ಹೊಸದಾಗಿ ಬಂದ ಸೊಸೆ ಇರೋ ಮನೇಲಿ, ಅಂಗಳದಲ್ಲಿ ನಿಂತು, ಯಾರ ಕೈ ಅಂತ ನೋಡ್ಕೊಳ್ಳಿ ಅಂದ್ರಾ?"

"ಕೈಗುಣ ಅಂತ ನಾನು ಹೇಳಲಿಲ್ಲವಲ್ಲ."

"ನೀವು ಹೇಳ್ಬೇಕಾಗಿರ್ಲಿಲ್ಲ" ಅಂದಳು. ಸಾರು ತಣ್ಣಗಾಗಿತ್ತು, ಎದ್ದುಬಿಟ್ಟೆ.

೬ ಫೆಬ್ರವರಿ, ಗುರುವಾರ

ಇವತ್ತು ಹಟ್ಟಿಗೆ ಹೋಗಿಬಂದೆ. ಮಂಗಳವಾರದವರೆಗೆ ಕಾಯಬಹುದಿತ್ತು, ಆದರೆ ಪಾವಗಡದಲ್ಲಿ ಒಂದು ಕೇಬಲ್ ಕೊಡುವ ಕೆಲಸವೂ ಇತ್ತು. ಕೊನೆಗೆ ಕೇಬಲ್ ಕೊಡುವುದನ್ನೇ ಮರೆತೆ.

ಅಂಗಳದಲ್ಲಿ ಜನ ಸೇರಿದ್ದರು. ಜಗಲಿ ಮೇಲೆ ಒಂದು ಬ್ಯಾಗ್. ಶಾಂತಕುಮಾರಿಯ ಅಣ್ಣ ರಂಗೇಶ್, ಹಿಂದೂಪುರದ ಕಡೆಯವನು, ತಂಗಿಯನ್ನು ಕರೆದುಕೊಂಡು ಹೋಗಲು ಬಂದಿದ್ದ. ರಾಮಾಂಜನೇಯ ನನ್ನ ಮುಖ ಕೂಡ ಸರಿಯಾಗಿ ನೋಡಲಿಲ್ಲ. "ನೋಡಿ ಸಾ, ಇವಳು ಬಂದ ವರ್ಸ ಬೋರಿನ ಮೋಟ್ರು ಸುಟ್ಟೋಯ್ತು, ಎಮ್ಮೆ ಹಾಲು ಬತ್ತೋಯ್ತು. ಈಗ ಇದು ಮೂರ್ನೇ ಕಿತ. ನೀವೇ ಹೇಳುದ್ರಲ್ಲ ಕೈ ಬಿದ್ದೈತೆ ಅಂತ" ಅಂದ.

ನನ್ನ ಮಾತನ್ನು ನನಗೇ ಹಿಡಿದು ತೋರಿಸಿದ. ಬೋರಿನ ಮೋಟರಿಗೂ ಈ ಹುಡುಗಿಯ ಕೈಗೂ ಏನು ಸಂಬಂಧ? ಅವಳು ಬಾಗಿಲ ಪಕ್ಕ ನಿಂತಿದ್ದಳು, ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು.

ಒಳಗೆ ಹೋದೆ. ಕ್ಯಾತಮ್ಮ ಮಾತ್ರ ಹಿಂದೆ ಬಂದಳು. ತಗಡು ತೆಗೆದು ಹೌಹಾರಿದೆ. ಇಷ್ಟು ಶುದ್ಧವಾದ ಸಿಪಿಯು ಇಷ್ಟು ವರ್ಷದಲ್ಲಿ ನೋಡಿಲ್ಲ. ಹುಣಿಸೆಹಣ್ಣು ಹಾಕಿ ಬೆಳಗಿದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ರ‍್ಯಾಮ್ ತೆಗೆದೆ, ಸತ್ತಿತ್ತು. ಅದನ್ನು ಹಿಡಿದಿಡುವ ಕೊಂಡಿಗೆ ಒಂದೆಳೆ ಕರಿ ಉಣ್ಣೆ ಸಿಕ್ಕಿಕೊಂಡಿತ್ತು.

"ಹೆಂಗೈತಪ್ಪ?" ಅಂದಳು ಮುದುಕಿ, ಮುಖ ಅರಳಿಸಿಕೊಂಡು. "ನೀನು ಹೇಳ್ದಾಗಿಂದ ದಿನಾ ಎಲ್ಲಾರ್ಗಿಂತ ಮುಂಚೆ ಎದ್ದು ಬಿಚ್ಚಿ ಒರೆಸ್ತೀನಿ. ಕಡ್ಡಿ ಇದಾವಲ್ಲ, ಅವನ್ನೂ ಈಚಿಗೆ ತಗ್ದು ಒರೆಸಿ ಮಡಗ್ತೀನಿ. ಸೊಸೆಗೆ ಬುಡಾಕಿಲ್ಲ. ಪಾಪ ಅವಳ ಕೈ ಮೇಲೆ ಮಾತು ಬಂದೈತೆ, ಇನ್ನೊಂದು ಬರಬಾರ್ದು ಅಂತ ನಾನೇ ಮಾಡ್ತೀನಿ."

"ಯಾವುದರಲ್ಲಿ ಒರೆಸ್ತೀಯಮ್ಮ?"

"ಒಣಗಿದ್ದರಾಗೆ ಅಂದಿದ್ದೆ. ಕಂಬಳಿಗಿಂತ ಒಣಗಿದ್ದು ಯಾವ್ದೈತೆ? ಕಂಬಳಿಗೆ ಮೈಲಿಗೆ ಬೇರೆ ಇಲ್ಲ." ಹೆಗಲ ಮೇಲಿನ ಕಂಬಳಿ ಎಳೆದು, ಅದರ ಅಂಚಿನಿಂದ ಬೋರ್ಡನ್ನು ತಿಕ್ಕಿ ತೋರಿಸಿದಳು. ಚಟಚಟ ಅಂತು. ಈ ಒಣಹವೆಯಲ್ಲಿ ಕಂಬಳಿ ತಿಕ್ಕಿದರೆ ಹುಟ್ಟುವ ಕರೆಂಟು ನಮಗೆ ಇರುವೆ ಕಚ್ಚಿದಷ್ಟೂ ಅನ್ನಿಸುವುದಿಲ್ಲ. ರ‍್ಯಾಮಿಗೆ ಅದು ಸಿಡಿಲು. ಮುದುಕಿ ದಿನಾ ಬೆಳಿಗ್ಗೆ ಭಕ್ತಿಯಿಂದ ಅದಕ್ಕೆ ಸಿಡಿಲು ಹೊಡೆಸುತ್ತಿದ್ದಳು, ನಾನು ಹೇಳಿಕೊಟ್ಟ ಜಾಗಕ್ಕೇ.

ತಗಡು ಬಿಚ್ಚಲು ಹೇಳಿಕೊಟ್ಟವನು ನಾನು. ಮೇಜಿನ ಮೇಲೆ ತೆಪ್ಪಗೆ ಬಿದ್ದಿದ್ದ ಕಂಬಳಿಯನ್ನು ತೆಗೆಸಿ ಅವಳ ಕೈಗೆ ಕೊಟ್ಟವನೂ ನಾನೇ.

ಹೊರಗಿನಿಂದ ರಂಗೇಶ್ ಕೂಗಿದ. "ಏಮಯ್ಯಾ ರಿಪೇರಿಯೋರೇ, ಈಚಿಗೆ ಬಂದು ಎಲ್ಲರ ಮುಂದೆ ಹೇಳಿ. ನಮ್ಮ ಹುಡ್ಗಿ ಕೈಯಾ, ಇನ್ನೇನಾ? ಕೈ ಅವಳದೇ ಆದ್ರೆ ಕರ್ಕೊಂಡೋಗ್ತೀನಿ. ಅಲ್ಲ ಅಂದ್ರೆ ಯಾರ್ದು ಅಂತ ಹೇಳಿ, ಅವ್ರು ಅವಳ ಕಾಲು ಹಿಡೀಲಿ."

ಅಂಗಳಕ್ಕೆ ಬಂದೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಕ್ಯಾತಮ್ಮ ಹೊಸಿಲ ಮೇಲೆ, ಕಂಬಳಿ ಹೆಗಲಿಗೆ ಹಾಕಿಕೊಂಡು, ಒಳ್ಳೆಯ ಮಾತು ಕೇಳಲು ಬಂದವಳ ಹಾಗೆ ನಿಂತಿದ್ದಳು. ಅವಳ ಹೆಸರು ಹೇಳಿದರೆ ಮುಗಿಯಿತು. ಸೊಸೆಯ ಮೇಲಿನ ಮಾತು ಅತ್ತೆಯ ಮೇಲೆ ಹೋಗುತ್ತದೆ, ಎಮ್ಮೆ ಹಾಲು ಬತ್ತಿಸಿದ್ದೂ ಅವಳೇ ಆಗುತ್ತಾಳೆ. ಕಂಬಳಿ, ಕರೆಂಟು ಅಂತ ವಿವರಿಸಿದರೆ ಈ ಜನ ವಿವರಣೆ ಕೇಳುತ್ತಾರಾ? ಅವರಿಗೆ ಬೇಕಾಗಿರುವುದು ಒಂದು ಕೈ.

"ಕೈ ನಂದೇ" ಅಂದೆ. "ಹೊಸದು ಅಂತ ಹೇಳಿ ಹಳೇ ಮಾಲು ಹಾಕಿದ್ದೆ. ಎರಡು ಸಲವೂ. ಈ ಮನೆಯವರದು ಯಾರದೂ ತಪ್ಪಿಲ್ಲ."

ಎಲ್ಲರೂ ಒಟ್ಟಿಗೇ ಬಾಯಿ ಮಾಡಿದರು. ರಾಮಾಂಜನೇಯ ಕಾಲರ್ ಹಿಡಿಯಲು ಬಂದ, ಪಕ್ಕದವರು ಬಿಡಿಸಿದರು. ಮೂಡಲಗಿರಿಯಪ್ಪ ಅನ್ನುವ ಹಿರಿಯರು ನನ್ನ ಕಾಲ ಹತ್ತಿರ ಉಗಿದು, ನಾನು ಹಚ್ಚಿದ್ದ ವಿಭೂತಿ ನೋಡಿ, "ಹಣೆ ಮೇಲೆ ಈಬೂತಿ ಬೇರೆ" ಅಂದರು. ಬೇರೆ ರ‍್ಯಾಮ್ ಹಾಕಿ, ತಗಡಿನ ಸಂದಿಗೆ ಸ್ಟಿಕ್ಕರ್ ಅಂಟಿಸಿ, ಇನ್ನು ಯಾರೂ ಇದನ್ನು ಬಿಚ್ಚಬಾರದು, ಹೊರಗಷ್ಟೇ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು ಅಂದೆ. ಕಂಬಳಿ ಬೇಡ ಅಂತ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಕ್ಯಾತಮ್ಮನೇ ಅಂದಳು.

"ನಿನ್ನ ಕಳ್ಳಮಾಲಿಗೆ ನನ್ನ ಕಂಬಳಿ ತಾಗಿಸ್ತೀನಾ? ಥೂ. ಇಷ್ಟು ದಿನ ತಾಗ್ಸಿದ್ದಕ್ಕೇ ಅದನ್ನ ಗಂಜಲ ಹಾಕಿ ಒಗೀಬೇಕು."

ಅವಳ ಮುಖದಲ್ಲಿ ಅಸಹ್ಯ ಎದ್ದು ಕಾಣುತ್ತಿತ್ತು. ಮನೆಗೆ ಬಂದು ಬಿಸಿನೀರು ಹಾಕಿಕೊಂಡೆ. ಸುಳ್ಳು ಹೇಳಿದ ಬಾಯಿ, ಹಲ್ಲೂ ಉಜ್ಜಿದೆ.

೧೪ ಫೆಬ್ರವರಿ, ಶುಕ್ರವಾರ

ಮಾತು ನನಗಿಂತ ಮುಂಚೆ ಬಸ್ಸು ಹತ್ತಿ ಬಂದಿದೆ. ಪಾವಗಡದ ಶಾಲೆಯವರು ಬೇರೆಯವರನ್ನು ಗೊತ್ತು ಮಾಡಿಕೊಂಡಿದ್ದೇವೆ ಅಂದರು. ತೋವಿನಕೆರೆಯ ಒಬ್ಬ ರಿಪೇರಿಗೆ ಕೊಟ್ಟು, ನಾನು ಕೆಲಸ ಮಾಡುವಷ್ಟು ಹೊತ್ತೂ ನನ್ನ ಕೈಯನ್ನೇ ನೋಡುತ್ತ ಕೂತಿದ್ದ, ಮಧ್ಯೆ ಒಂದು ಸಲ ಮೊಬೈಲಿನಲ್ಲಿ ಫೋಟೋ ಕೂಡ ಹೊಡೆದುಕೊಂಡ. ಅಂಥವನ ಕೀಬೋರ್ಡಿನಿಂದ ಉಗುರಿನ ಚೂರು ಕೊಡವಿ ಕೊಟ್ಟೆ.

ಯಶಸ್ವಿನಿ, "ನಿಜ ಹೇಳಿಬಿಡಬಹುದಲ್ಲ" ಅಂದಳು. ಯಾರಿಗೆ ಅಂದೆ. ಅವತ್ತು ತಣ್ಣಗಾಗಿದ್ದ ಸಾರಿನಂಥದೇ ಸಾರು, ಇವತ್ತು ಬಿಸಿ ಮಾಡಿ ಮಾಡಿ ಬಡಿಸಿದಳು.

೨೫ ಫೆಬ್ರವರಿ, ಮಂಗಳವಾರ

ಗಿರಾಕಿಗಳು ಕಡಿಮೆ. ಬೇಕರಿಯವನು ಬಂದಿದ್ದ, ಇವನಿಗೆ ಯಾವ ಮಾತೂ ಮುಟ್ಟುವುದಿಲ್ಲ. ಒಳಗಿನ ಧೂಳು ಯಾವುದರಲ್ಲಿ ತೆಗೆಯೋದು ಸಾರ್ ಅಂದ. ಕುರ್ಚಿ ಹಾಕಿ ಕೂರಿಸಿದೆ. ಮೊದಲು ಪ್ಲಗ್ ಕೀಳು, ಆಮೇಲೆ ಬರಿಗೈಯಲ್ಲಿ ಒಂದು ಕಬ್ಬಿಣದ ಕಿಟಕಿ ಸರಳು ಮುಟ್ಟು, ಮೈಯಲ್ಲಿರುವ ಕರೆಂಟು ಇಳಿಯುತ್ತೆ. ಉಣ್ಣೆ, ಸಿಲ್ಕು, ಪಾಲಿಸ್ಟರ್ ಏನೂ ತಾಗಿಸಬೇಡ. ಮೆತ್ತನೆ ಬ್ರಷ್ಷು, ಇಲ್ಲದಿದ್ದರೆ ಸುಮ್ಮನೆ ನನ್ನ ಹತ್ತಿರ ತಾ. ಯಾಕೆ ಅಂತ ಕೇಳಿದ, ಯಾಕೆ ಅನ್ನುವುದನ್ನೂ ಹೇಳಿದೆ. ಮತ್ತೆ ಕೇಳಿದ, ಮತ್ತೆ ಹೇಳಿದೆ. ಮಾಡಲು ಬೇರೆ ಕೆಲಸ ಇರಲಿಲ್ಲವಲ್ಲ.

ಪಫ್ ತಂದಿದ್ದ. ತಿಂದೆ. ಒಳಗೆ ಬರೀ ಆಲೂಗಡ್ಡೆ.

೧೧ ಮಾರ್ಚ್, ಮಂಗಳವಾರ

ಮಧ್ಯಾಹ್ನ ಶಾಂತಕುಮಾರಿ ಅಂಗಡಿಗೆ ಬಂದಳು. ಒಳಗೆ ಬಂದು ಕೂರಲಿಲ್ಲ, ಮೇಜಿನ ಮುಂದೆ ನಿಂತುಕೊಂಡೇ ಮಾತಾಡಿದಳು. ಪ್ರೆಸ್ಸಿನವರು ಕೆಲಸ ಕಾಯಂ ಮಾಡಿದ್ದಾರಂತೆ. ಅತ್ತೆ ಸೊಸೆ ಇಬ್ಬರೂ ಪ್ರಿಂಟರಿಗೆ ಮುಂಗಡ ಕೊಟ್ಟು ಬಂದಿದ್ದಾರೆ, ಎದುರು ಸಾಲಿನ ಅಂಗಡಿಯಲ್ಲಿ. ನನಗೆ ಒಂದು ಮಾತು ಹೇಳಿ ಹೋಗೋಣ ಅಂತ ಬಂದಳಂತೆ.

"ನಿಮ್ಮನ್ನ ಅಣ್ಣ ಅಂತಿದ್ದೆ" ಅಂದಳು. "ಕಂಪ್ಯೂಟರ್ ಹಾಳಾಗಿದ್ದಕ್ಕೆ ನನಗೆ ಬೇಜಾರಿಲ್ಲ. ನನ್ನ ಕೈಯೇ ಕೆಟ್ಟದ್ದು ಅಂತ ನಾನೇ ನಂಬಿಬಿಟ್ಟಿದ್ದೆ. ಮುದ್ದೆ ಕಟ್ಟೋಕೂ ಹೆದರ್ತಿದ್ದೆ, ಪಕ್ಕದ ಮನೆ ಮಗೂನ ಎತ್ಕೊಳ್ತಾ ಇರಲಿಲ್ಲ. ನಿಮಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ಅಂಗಳದಲ್ಲಿ ನಿಂತು ಹಂಗಂದ್ರಿ."

ಉತ್ತರ ನಾಲಿಗೆ ತುದಿಯಲ್ಲಿತ್ತು. ಒಂದೇ ಒಂದು ವಾಕ್ಯ ಸಾಕಿತ್ತು. ಬಾಗಿಲಾಚೆ ನೋಡಿದೆ. ಕ್ಯಾತಮ್ಮ ರಸ್ತೆ ಬದಿಯಲ್ಲಿ ಬಿಸಿಲಲ್ಲಿ ನಿಂತಿದ್ದಳು, ಸೊಸೆಯ ಬ್ಯಾಗನ್ನು ಎದೆಗೆ ಅವುಚಿಕೊಂಡು. ನನ್ನ ಅಂಗಡಿಯ ನೆರಳಿಗೂ ಬಂದಿರಲಿಲ್ಲ.

"ತಪ್ಪಾಯ್ತಮ್ಮ" ಅಂದೆ.

"ಇನ್ನೊಬ್ಬರ ಮನೆ ಹೆಣ್ಣುಮಕ್ಕಳಿಗೆ ಇಂಗೆ ಮಾಡಬ್ಯಾಡಿ" ಅಂದಳು. ಆಗಲಿ ಅಂದೆ.

"ಬಾರವ್ವ ಈಚಿಗೆ" ಅಂತ ಮುದುಕಿ ಹೊರಗಿನಿಂದ ಕರೆದಳು. "ಅಂಥೋನ ತಾವ ಏನು ಮಾತು. ಮೊದ್ಲು ಆ ಕೊಳಾಯ್ತಾವ ಕೈ ತೊಳ್ಕೋ." ಅವಳು ಮೇಜಿನ ಮೇಲೆ ಕೈ ಊರಿದ್ದಳಲ್ಲ, ಅದಕ್ಕೆ. ತಾನೇ ನಲ್ಲಿ ಬಿಟ್ಟು ತೊಳೆಸಿದಳು, ತನ್ನ ಸೆರಗಿನಲ್ಲಿ ಒರೆಸಿದಳು, ಒಂದೊಂದೇ ಬೆರಳು. ಆಮೇಲೆ ಆ ಕೈ ಹಿಡಿದು ರಸ್ತೆ ದಾಟಿಸಿದಳು. ಪಾವಗಡದ ಬಸ್ಸು ಬಂದು ಇಬ್ಬರೂ ಹತ್ತುವವರೆಗೂ ಬಿಡಲಿಲ್ಲ.